ಮಂಜಿಷ್ಠದ ಕೆಂಪು, ದಾಳಿಂಬೆಯ ಹಳದಿ: ಉಣ್ಣೆ ದಾರದ ಅಂಗಡಿ ನಡೆಸುವ ಬಗೆ

ಕೊಪ್ಪಳದಲ್ಲಿ ಜವಾಹರ ರಸ್ತೆಯಿಂದ ಒಳಗೆ ತಿರುಗುವ ಒಂದು ಓಣಿಯಲ್ಲಿ ನನ್ನ ಅಂಗಡಿ ಇದೆ. ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ. ಹಾಕಿ ಹನ್ನೊಂದು ವರ್ಷವಾಯಿತು. ವರ್ಷಕ್ಕೆ ನಾಲ್ಕೈದು ಮಂದಿ ಹೆಣ್ಣುಮಕ್ಕಳು ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಯಿಂದ ಬಂದು, "ಅಕ್ಕಾರ, ನಮ್ಮೂರಾಗೂ ಇಂಥಾದೊಂದು ಅಂಗಡಿ ಹಾಕಬೇಕಂತೀನ್ರಿ, ಹೆಂಗ ಸುರು ಮಾಡಬೇಕ್ರಿ?" ಅಂತ ಕೇಳುತ್ತಾರೆ. ಹೇಳಲು ಕೂತರೆ ನಡುವೆ ಗಿರಾಕಿ ಬರುತ್ತಾರೆ, ಮಾತು ಅರ್ಧಕ್ಕೆ ನಿಲ್ಲುತ್ತದೆ. ಉಣ್ಣೆಗೆ ಬಣ್ಣ ಹಿಡಿಸುವ ಪಟಿಕ ಎಷ್ಟು ಹಾಕಬೇಕು ಅನ್ನುವುದನ್ನು ಅರ್ಧ ಕೇಳಿಕೊಂಡು ಹೋದವರು ದಾರ ಕೆಡಿಸಿಕೊಂಡು ಫೋನ್ ಮಾಡುತ್ತಾರೆ. ಅದಕ್ಕೇ ನನಗೆ ಗೊತ್ತಿರುವಷ್ಟನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ನಾವು ಹಾಲುಮತದವರು. ನಮ್ಮಜ್ಜ ಗುಂಡಿಮಗ್ಗದಲ್ಲಿ ಕಂಬಳಿ ನೇಯುತ್ತಿದ್ದ. ಅಜ್ಜಿ ಉಣ್ಣೆ ಹಿಂಜಿ, ಹಂಜಿ ಮಾಡಿ, ರಾಟಿಯಲ್ಲಿ ನೂಲುತ್ತಿದ್ದಳು. ಹುಣಸೆಬೀಜ ಅರೆದು ಕುದಿಸಿದ ಗಂಜಿಯನ್ನು ಹಾಸಿನ ನೂಲಿಗೆ ಬಳಿಯುವ ದಿನ ಮನೆಯೆಲ್ಲ ಅದೇ ವಾಸನೆ. ಆ ಮಗ್ಗ ನಿಂತುಹೋಯಿತು. ನನಗೆ ನೇಯಲು ಬರುವುದಿಲ್ಲ, ಆದರೆ ಬೆರಳಲ್ಲಿ ತಿಕ್ಕಿ ಉಣ್ಣೆ ಎಂಥದ್ದು ಅಂತ ಹೇಳುವುದು ಅಜ್ಜಿಯಿಂದ ಬಂತು. ಬಣ್ಣ ಹಾಕುವುದು ಮಾತ್ರ ನಾನೇ ಕಲಿತದ್ದು. ತಪ್ಪಿ ತಪ್ಪಿ ಕಲಿತೆ.

ಬಾಡಿಗೆ ಕಟ್ಟುವುದು ಅಕ್ರಿಲಿಕ್

ಬರೀ ನೈಸರ್ಗಿಕ ಬಣ್ಣದ ಉಣ್ಣೆ ಇಟ್ಟು ಅಂಗಡಿ ತೆರೆಯಬೇಡಿ. ಮೊದಲ ವರ್ಷ ನಾನು ಹಾಗೆ ಮಾಡಿದ್ದರೆ ಆರು ತಿಂಗಳಲ್ಲಿ ಬಾಗಿಲು ಹಾಕಬೇಕಾಗುತ್ತಿತ್ತು. ನಮ್ಮ ಕಡೆ "ಉಲನ್ ಕೊಡ್ರಿ" ಅಂದರೆ ಅದರರ್ಥ ಅಕ್ರಿಲಿಕ್ ಎಂಬ ಕೃತಕ ದಾರ. ಬಾಗಿಲ ತೋರಣ, ಟೀಪಾಯಿ ಮೇಲಿನ ಹೊದಿಕೆ, ಕೂಸಿನ ಕುಲಾವಿ, ಎತ್ತಿಗೆ ಕಟ್ಟುವ ಗೊಂಡೆ, ಎಲ್ಲವೂ ಅದರಲ್ಲೇ ಆಗುತ್ತವೆ. ಕಾರಹುಣ್ಣಿಮೆಗೆ ಹದಿನೈದು ದಿನ ಮುಂಚೆ ಕೆಂಪು, ಹಸಿರು, ಹಳದಿ ಉಂಡೆಗಳನ್ನು ಡಬ್ಬಿಗಟ್ಟಲೆ ತರಿಸಿಡಬೇಕು. ರೈತರು ಬಂದು ಬಣ್ಣ ಆರಿಸುತ್ತ ನಿಲ್ಲುವುದಿಲ್ಲ, ಇದ್ದರೆ ಒಯ್ಯುತ್ತಾರೆ, ಇಲ್ಲದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ಜನವರಿಯಲ್ಲಿ ಗವಿಮಠದ ಜಾತ್ರೆ. ಆಗ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ಕ್ರೋಶಾ ಕಡ್ಡಿ, ಮಣಿ, ದಾರ ಅಂತ ಕೇಳಿ ಬರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಉಣ್ಣೆ ಮುಟ್ಟುವವರೇ ಇಲ್ಲ. ಆಗ ನಾನು ಶಾಲೆ ಬಿಟ್ಟ ಹುಡುಗಿಯರಿಗೆ ಕ್ರೋಶಾ ಹೇಳಿಕೊಡುತ್ತೇನೆ. ಅವರು ಹತ್ತಿ ದಾರ ಕೊಳ್ಳುತ್ತಾರೆ, ಮುಂದೆ ಅವರೇ ಗಿರಾಕಿಗಳಾಗುತ್ತಾರೆ.

ಕಾಗದಪತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಗರಸಭೆಯ ವ್ಯಾಪಾರ ಪರವಾನಗಿ ಮಾಡಿಸಿ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಸಾಲ ಬೇಕಾದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಇದೆ. ಸಣ್ಣ ಅಂಗಡಿಯ ಮೊದಲ ದಾಸ್ತಾನಿಗೆ ಅದು ಸಾಕು. ಶುರುವಿನಲ್ಲಿ ಹತ್ತರಲ್ಲಿ ಎಂಟು ಪಾಲು ಅಕ್ರಿಲಿಕ್, ಹತ್ತಿ ದಾರ, ಕಡ್ಡಿ, ಸೂಜಿ ಇರಲಿ. ಎರಡು ಪಾಲು ಉಣ್ಣೆ ಇರಲಿ. ಆ ಎರಡು ಪಾಲನ್ನು ಬಾಗಿಲ ಹತ್ತಿರ, ಹಗಲು ಬೆಳಕು ಬೀಳುವ ಕಡೆ, ಆದರೆ ನೇರ ಬಿಸಿಲು ಬೀಳದ ಕಡೆ ಇಡಿ. ಟ್ಯೂಬ್‌ಲೈಟ್ ಕೆಳಗೆ ಇಟ್ಟ, ಮಂಜಿಷ್ಠ ಎಂಬ ಬೇರಿನ ಬಣ್ಣ ಹಾಕಿದ ಲಡಿ (ಸುತ್ತಿ ಕಟ್ಟಿದ ದಾರ) ಇಟ್ಟಿಗೆ ಪುಡಿಯ ಹಾಗೆ ಕಾಣುತ್ತದೆ. ಅದನ್ನೇ ಬಾಗಿಲಿಗೆ ಒಯ್ದು ಹಿಡಿದರೆ ಒಳಗಿನಿಂದ ಕೆಂಪು ಎದ್ದು ಬರುತ್ತದೆ. ಗಿರಾಕಿಯ ಕೈಗೇ ಕೊಟ್ಟು "ಹೊರಗ ಒಯ್ದು ನೋಡ್ರಿ" ಅನ್ನಿ. ಇಷ್ಟು ವರ್ಷದಲ್ಲಿ ಯಾರೂ ಎತ್ತಿಕೊಂಡು ಓಡಿಹೋಗಿಲ್ಲ.

ಉಣ್ಣೆ ಯಾವುದು, ಅಲ್ಲದ್ದು ಯಾವುದು

ಅಕ್ರಿಲಿಕ್‌ಗೂ ಉಣ್ಣೆಗೂ ವ್ಯತ್ಯಾಸ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಯಾಕೆಂದರೆ ಎರಡನ್ನೂ ಉಲನ್ ಅಂತಲೇ ಮಾರುತ್ತಾರೆ. ನಾನು ಗಲ್ಲೆಯ ಮೇಲೆ ಒಂದು ಸ್ಟೀಲ್ ತಟ್ಟೆ, ಕಡ್ಡಿಪೆಟ್ಟಿಗೆ ಇಟ್ಟಿದ್ದೇನೆ. ಎರಡು ಬೆರಳುದ್ದದ ಅಕ್ರಿಲಿಕ್ ಎಳೆಗೆ ಬೆಂಕಿ ತಾಗಿಸಿದರೆ ಅದು ಕರಗುತ್ತ ಉರಿದು ಕಡೆಗೆ ಕರಿ ಮಣಿಯಾಗಿ ಗಟ್ಟಿಯಾಗುತ್ತದೆ. ಉಣ್ಣೆಯ ಎಳೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಹೊತ್ತಿದರೂ ಬೆಂಕಿ ತೆಗೆದ ಕೂಡಲೇ ಆರುತ್ತದೆ. ಉಳಿದದ್ದನ್ನು ಬೆರಳಲ್ಲಿ ಒತ್ತಿದರೆ ಬೂದಿಯಾಗಿ ಪುಡಿಯಾಗುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ. ನಮ್ಮ ಭಾಗ್ಯನಗರದವರಿಗೆ ಈ ವಾಸನೆ ಹೇಳಿಕೊಡಬೇಕಾಗಿಲ್ಲ, ಅಲ್ಲಿ ಕೂದಲಿನ ಉದ್ಯೋಗವೇ ಇದೆ. ನಮ್ಮ ತಲೆಗೂದಲು, ಕುರಿಯ ಉಣ್ಣೆ ಎರಡೂ ಕೆರಾಟಿನ್ ಎಂಬ ಒಂದೇ ಪ್ರೋಟೀನ್. ಬೇರು, ಸಿಪ್ಪೆಗಳ ಬಣ್ಣವನ್ನು ಉಣ್ಣೆ ಹತ್ತಿಗಿಂತ ಸಲೀಸಾಗಿ ಹಿಡಿದುಕೊಳ್ಳುವುದೂ ಅದು ಪ್ರೋಟೀನ್ ಆಗಿರುವುದರಿಂದಲೇ.

ಇನ್ನು ಕುರಿ. ನಮ್ಮ ಭಾಗದಲ್ಲಿ ಕಾಣುವುದು ದಕ್ಕನಿ, ಬಳ್ಳಾರಿ, ಕೆಂಗುರಿ. ಕೆಂಗುರಿ ಮಾಂಸಕ್ಕೆ ಹೆಸರಾದದ್ದು. ದಕ್ಕನಿಯ ಉಣ್ಣೆ ಬಹುಪಾಲು ಕಪ್ಪು. ಬಳ್ಳಾರಿ ತಳಿಯಲ್ಲಿ ಬಿಳಿ, ಕಪ್ಪು, ಎರಡೂ ಬೆರೆತ ಬೂದು ಸಿಗುತ್ತವೆ. ಎರಡೂ ಒರಟು ಉಣ್ಣೆಯೇ. ದಕ್ಕನಿಯ ಎಳೆ ದಪ್ಪದಲ್ಲಿ 30 ಮೈಕ್ರಾನ್ ದಾಟುತ್ತದೆ, ನಯ ಉಣ್ಣೆಯ ಮೆರಿನೊ ತಳಿಯದು 24ರ ಒಳಗಿರುತ್ತದೆ. ಈ ಅಂತರ ಕುತ್ತಿಗೆಗೆ ತಕ್ಷಣ ಗೊತ್ತಾಗುತ್ತದೆ. ಆದ್ದರಿಂದ ಕೂಸಿನ ಕುಲಾವಿಗೆ ದಕ್ಕನಿ ದಾರ ಕೊಡಬೇಡಿ, ಎಷ್ಟೇ ಅಭಿಮಾನ ಇರಲಿ. ಕೈಚೀಲ, ಪೂಜೆಗೆ ಕೂರುವ ಆಸನ, ನೆಲಹಾಸು, ಸೊಂಟಪಟ್ಟಿ ಇಂಥವಕ್ಕೆ ಅದರಷ್ಟು ಗಟ್ಟಿ ಬೇರೆ ಇಲ್ಲ. ಮೈಗೆ ತಾಗುವ ಬಟ್ಟೆಗೆ ನಾನು ಲುಧಿಯಾನದಿಂದ ಬಣ್ಣ ಹಾಕದ ಮೆರಿನೊ ದಾರ ತರಿಸುತ್ತೇನೆ. ದಕ್ಕನಿ ನೂಲನ್ನು ಊರ ಕಡೆಯ ಇಬ್ಬರು ಮುದುಕಿಯರು ನೂತು ಕೊಡುತ್ತಾರೆ. ಕಂಬಳಿಗೆ ಹೆಸರಾದ ಚಳ್ಳಕೆರೆಯ ಕಡೆಯಿಂದಲೂ ಒಮ್ಮೊಮ್ಮೆ ತರುತ್ತೇನೆ.

ಕಪ್ಪು ಉಣ್ಣೆಗೆ ಬಣ್ಣ ಹಾಕಲು ಹೋಗಬೇಡಿ. ಅದರ ಮೇಲೆ ಏನೂ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಕುರಿಯ ಮೈಮೇಲೆ ಬಿಸಿಲು ತಾಗಿದ ತುದಿ ಕಂದಾಗಿ, ಬುಡ ಕಡುಗಪ್ಪಾಗಿ ಇರುತ್ತದಲ್ಲ, ಆ ಎರಡೂ ನೂಲಿನಲ್ಲಿ ಬೆರೆತಾಗ ಬರುವ ಕಪ್ಪನ್ನು ಯಾವ ಬಣ್ಣದ ಪುಡಿಯಿಂದಲೂ ತರಲಾಗದು. ಬೂದು ಉಣ್ಣೆಯನ್ನು ಮಾತ್ರ ಮಂಜಿಷ್ಠದಲ್ಲಿ ಅದ್ದಿ ನೋಡಿ. ಬಿಳಿ ಕೂದಲು ಕೆಂಪಾಗಿ, ಕಪ್ಪು ಕೂದಲು ಹಾಗೇ ಉಳಿದು, ಆರುತ್ತಿರುವ ಕೆಂಡದ ಹಾಗೆ ಒಳಗೊಳಗೆ ಉರಿಯುವ ಬಣ್ಣ ಬರುತ್ತದೆ. ನನ್ನ ಅಂಗಡಿಯಲ್ಲಿ ಇಟ್ಟ ಎರಡೇ ದಿನಕ್ಕೆ ಖಾಲಿಯಾಗುವುದು ಇದೊಂದೇ.

ಕೆಂಪು ತೆಗೆಯುವುದು

ಒಂದೇ ಬಣ್ಣ ಕಲಿಯಬೇಕು ಅಂದರೆ ಮಂಜಿಷ್ಠ ಕಲಿಯಿರಿ. ಗ್ರಂಧಿಗೆ ಅಂಗಡಿಯಲ್ಲಿ ಒಣಗಿದ ಬೇರು ಸಿಗುತ್ತದೆ. ಸೀಳಿ ನೋಡಿದರೆ ಒಳಗೆ ಕೆಂಪು ಇರಬೇಕು. ಬೂದು ಬಣ್ಣಕ್ಕೆ ತಿರುಗಿದ ಹಳೇ ಬೇರು ಬೇಡ. ನನ್ನ ಲೆಕ್ಕವನ್ನು ಅರ್ಧ ಕಿಲೋ ದಾರಕ್ಕೆ, ಅಂದರೆ 100 ಗ್ರಾಂನ ಐದು ಲಡಿಗೆ ಹೇಳುತ್ತೇನೆ.

ಮೊದಲು ಲಡಿ ಕಟ್ಟುವುದು. ಪ್ರತಿ ಲಡಿಗೂ ನಾಲ್ಕು ಕಡೆ ಬಿಳಿ ಹತ್ತಿ ದಾರದಲ್ಲಿ ಎಂಟರ ಆಕಾರಕ್ಕೆ ಸುತ್ತಿ ಸಡಿಲವಾಗಿ ಗಂಟು ಹಾಕಿ. ಬಿಗಿದರೆ ಕಟ್ಟಿದ ಜಾಗಕ್ಕೆ ಬಣ್ಣ ಇಳಿಯುವುದಿಲ್ಲ, ಬಿಟ್ಟರೆ ಪಾತ್ರೆಯಲ್ಲಿ ಎಲ್ಲ ಸಿಕ್ಕಾಗುತ್ತದೆ. ಆಮೇಲೆ ಬೆಚ್ಚಗಿನ ನೀರಲ್ಲಿ ಅಂಟವಾಳಕಾಯಿಯ ನೊರೆಯಲ್ಲಿ ಒತ್ತಿ ತೊಳೆಯಿರಿ. ವಾಷಿಂಗ್ ಸೋಡಾ ಹತ್ತಿರವೂ ತರಬೇಡಿ. ಕ್ಷಾರ ಉಣ್ಣೆಯನ್ನು ತಿನ್ನುತ್ತದೆ. ತೊಳೆದ ಲಡಿಗಳನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಯಲು ಬಿಡಿ. ಒಣ ಉಣ್ಣೆಯನ್ನು ನೇರವಾಗಿ ಬಣ್ಣಕ್ಕೆ ಹಾಕಿದರೆ ಮಚ್ಚೆ ಮಚ್ಚೆಯಾಗುತ್ತದೆ.

ಮರುದಿನ ಪಟಿಕ. ಒಣ ದಾರದ ತೂಕದ ನೂರಕ್ಕೆ ಹನ್ನೆರಡು ಪಾಲು, ಅರ್ಧ ಕಿಲೋಗೆ 60 ಗ್ರಾಂ. ಕುಟ್ಟಿ ಪುಡಿ ಮಾಡಿ ಬಿಸಿನೀರಲ್ಲಿ ಕರಗಿಸಿ 15 ಲೀಟರ್ ನೀರಿಗೆ ಸುರಿಯಿರಿ. ಪಾತ್ರೆ ಸ್ಟೀಲ್‌ನದೇ ಆಗಬೇಕು. ಕಬ್ಬಿಣದ್ದು ಬಣ್ಣವನ್ನು ಮಂಕು ಮಾಡುತ್ತದೆ, ಅಲ್ಯೂಮಿನಿಯಂ ಕೂಡ ಬಣ್ಣ ಬದಲಿಸುತ್ತದೆ. ಬಣ್ಣಕ್ಕೆ ಬಳಸಿದ ಪಾತ್ರೆ, ಕೋಲು, ಜರಡಿ ಮತ್ತೆ ಅಡುಗೆಗೆ ಬರಕೂಡದು. ನೆನೆದ ಲಡಿ ಹಾಕಿ, ಸಣ್ಣ ಉರಿಯಲ್ಲಿ ಒಂದು ತಾಸಿನಲ್ಲಿ 80 ಡಿಗ್ರಿವರೆಗೆ ಏರಿಸಿ, ಅಲ್ಲೇ ಮುಕ್ಕಾಲು ತಾಸು ಹಿಡಿದು, ಉರಿ ಆರಿಸಿ, ಅದೇ ನೀರಲ್ಲಿ ರಾತ್ರಿ ತಣಿಯಲು ಬಿಡಿ. ಥರ್ಮಾಮೀಟರ್ ಕೊಳ್ಳಿ. ಕೈ ಅದ್ದಿ ಅಂದಾಜು ಮಾಡುತ್ತೇನೆ ಅನ್ನುವುದು ಈ ಕೆಲಸಕ್ಕೆ ನಡೆಯುವುದಿಲ್ಲ. ಪಟಿಕದ ನೀರು ಚೆಲ್ಲಬೇಡಿ, ಮುಂದಿನ ಸಲಕ್ಕೆ ಅರ್ಧದಷ್ಟು ಪಟಿಕ ಸೇರಿಸಿ ಮತ್ತೆ ಬಳಸಬಹುದು.

ಅದೇ ರಾತ್ರಿ 300 ಗ್ರಾಂ ಮಂಜಿಷ್ಠದ ಬೇರನ್ನು ಕುಟ್ಟಿ, ತೆಳು ಬಟ್ಟೆಯ ಗಂಟಿನಲ್ಲಿ ಕಟ್ಟಿ ನೆನೆಹಾಕಿ. ಬೆಳಿಗ್ಗೆ ಗಂಟು ಸಮೇತ ಆ ನೀರನ್ನು ದೊಡ್ಡ ಪಾತ್ರೆಗೆ ಸುರಿದು, ಹಿಂಡಿದ ಲಡಿ ಇಳಿಬಿಟ್ಟು, ಮತ್ತೆ ಒಂದು ತಾಸಿನಲ್ಲಿ ನಿಧಾನವಾಗಿ 65ರಿಂದ 70 ಡಿಗ್ರಿಗೆ ತನ್ನಿ. ಅದರ ಮೇಲೆ ಹೋಗಬೇಡಿ. ಕುದಿಸಿದರೆ ಬೇರಿನೊಳಗಿನ ಕಂದು ಹೊರಬಂದು ಕೆಂಪನ್ನು ನುಂಗುತ್ತದೆ. ಒಂದು ತಾಸು ಆ ಬಿಸಿಯಲ್ಲಿಟ್ಟು, ನಡುನಡುವೆ ಲಡಿಗಳನ್ನು ಮೆಲ್ಲಗೆ ಮಗುಚಿ. ಕಲಕುವುದಲ್ಲ, ಕೋಲಿನಿಂದ ಎತ್ತಿ ಇಳಿಸುವುದು. ಹತ್ತು ನಿಮಿಷಕ್ಕೆ ಹಳದಿ ಕಿತ್ತಳೆ, ಅರ್ಧ ತಾಸಿಗೆ ಸುಟ್ಟ ಇಟ್ಟಿಗೆ, ತಾಸು ಮುಗಿಯುವ ಹೊತ್ತಿಗೆ ಹಣ್ಣಾದ ಬ್ಯಾಡಗಿ ಮೆಣಸಿನಕಾಯಿ. ಆ ಹೊತ್ತಿನಲ್ಲಿ ನಾನು ಅಂಗಡಿ ಬಾಗಿಲು ತೆರೆಯುವುದನ್ನೂ ಮುಂದೂಡುತ್ತೇನೆ. ಉರಿ ಆರಿಸಿ, ಪಾತ್ರೆಯಲ್ಲೇ ಪೂರ್ತಿ ತಣಿಯಲಿ. ನೆರಳಲ್ಲಿ ಒಣಗಿಸಿ, ಒಂದೆರಡು ದಿನ ಬಿಟ್ಟು ಆಮೇಲೆ ತೊಳೆಯಿರಿ.

ತಣಿಯುವ ಮಾತನ್ನು ಎರಡು ಸಲ ಹೇಳಿದ್ದಕ್ಕೆ ಕಾರಣವಿದೆ. ಎರಡನೇ ವರ್ಷ, ಮನೆಗೆ ಬೀಗರು ಬಂದಿದ್ದರು ಅಂತ ಅವಸರ ಮಾಡಿ, ಬಿಸಿ ಲಡಿಗಳನ್ನು ಎತ್ತಿ ನಲ್ಲಿಯ ತಣ್ಣೀರಿಗೆ ಹಿಡಿದೆ. ಎರಡು ಕಿಲೋ ಮೆರಿನೊ. ಉಣ್ಣೆಯ ಎಳೆಯ ಮೇಲೆ ಮೀನಿನ ಹಾಗೆ ಸಣ್ಣ ಹುರುಪೆಗಳಿರುತ್ತವೆ. ಬಿಸಿಯಿಂದ ಒಮ್ಮೆಲೇ ತಂಪಿಗೆ ಬಿದ್ದು, ಮೇಲೆ ಕೈಯ ತಿಕ್ಕಾಟವೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡುವುದಿಲ್ಲ. ಇಡೀ ದಾರ ಹಗ್ಗದ ಹಾಗೆ ಗಟ್ಟಿಯಾಗಿ ಅಂಟಿಕೊಂಡಿತು. ಬಿಡಿಸಲು ಅಜ್ಜಿ ಮೂರು ದಿನ ಕೂತಳು, ಒಂದು ಗೇಣು ಬಿಡಿಸಲಾಗಲಿಲ್ಲ. ನಾನು ಅತ್ತೆ. ನೀವು ಹಾಗೆ ಮಾಡಬೇಡಿ.

ನೀರಿನ ವಿಷಯವೂ ಹೇಳಬೇಕು. ನಮ್ಮ ಓಣಿಯ ಬೋರ್ ನೀರು ಗಡಸು, ಚಹಾ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಬೇರೆ ಕೆಲಸಕ್ಕೆ ಶಾಪ ಹಾಕುವ ಈ ನೀರೇ ಮಂಜಿಷ್ಠಕ್ಕೆ ಒಳ್ಳೆಯದು, ಅದರಲ್ಲಿನ ಸುಣ್ಣದಂಶ ಕೆಂಪನ್ನು ಗಾಢ ಮಾಡುತ್ತದೆ. ಆದರೆ ನೀರಲ್ಲಿ ಕಬ್ಬಿಣದಂಶ ಇದ್ದರೆ ಬಣ್ಣ ಮಂಕಾಗುತ್ತದೆ. ನಿಮ್ಮೂರ ನೀರಲ್ಲಿ ಮೊದಲು ಒಂದೇ ಲಡಿ ಹಾಕಿ ನೋಡಿ. ತೊಳೆಯಲು ಮಾತ್ರ ನಾನು ಮಳೆನೀರು ಹಿಡಿದಿಡುತ್ತೇನೆ.

ಮೊದಲ ಸಲ ಬಳಸಿದ ಮಂಜಿಷ್ಠದ ನೀರನ್ನು ಚೆಲ್ಲುವವರನ್ನು ನೋಡಿದರೆ ನನಗೆ ಸಂಕಟ. ಎರಡನೇ ನೀರಿಗೆ ಕಿತ್ತಳೆ, ಮೂರನೇ ನೀರಿಗೆ ಪೇರಲದ ಒಳತಿರುಳಿನ ತಿಳಿಗುಲಾಬಿ ಬರುತ್ತದೆ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದೇ ತಾಯಿಯ ಮಕ್ಕಳ ಹಾಗೆ ಹೊಂದಿಕೊಳ್ಳುತ್ತವೆ. ಬೇರಿನಲ್ಲಿ ಪರ್ಪುರಿನ್, ಮಂಜಿಸ್ಟಿನ್ ಅಂತ ಹಲವು ಬಣ್ಣದ ದ್ರವ್ಯಗಳು ಒಟ್ಟಿಗಿವೆ. ಕಾರ್ಖಾನೆಯ ಕೆಂಪಿನಲ್ಲಿ ಸಾಮಾನ್ಯವಾಗಿ ಒಂದೇ ದ್ರವ್ಯ. ಬೆಳಿಗ್ಗೆ ಒಂದು ಬಗೆ, ಸಂಜೆ ಒಂದು ಬಗೆ ಕಾಣುವ ಜೀವ ಈ ದಾರಕ್ಕೆ ಬರುವುದು ಆ ಬೆರಕೆಯಿಂದ.

ಸಿಪ್ಪೆ, ಹೂವು, ನೀಲಿ

ನಮ್ಮ ಜಿಲ್ಲೆಯಲ್ಲಿ ದಾಳಿಂಬೆ ಬೆಳೆಯುತ್ತಾರೆ. ಬಸ್‌ಸ್ಟ್ಯಾಂಡ್ ಹತ್ತಿರದ ಜ್ಯೂಸ್ ಅಂಗಡಿಯ ತಮ್ಮ ವಾರಕ್ಕೆ ಒಂದು ಚೀಲ ಸಿಪ್ಪೆ ಎತ್ತಿಡುತ್ತಾನೆ. ಹಬ್ಬಕ್ಕೆ ಅವನ ಮಗಳಿಗೆ ಒಂದು ಟೋಪಿ ಹೆಣೆದು ಕೊಡುತ್ತೇನೆ, ಅಷ್ಟೇ ವ್ಯವಹಾರ. ನಾಲ್ಕು ದಿನ ಬಿಸಿಲಲ್ಲಿ ಒಣಗಿಸಿ, ಒಡೆದು, ದಾರದಷ್ಟೇ ತೂಕ ಹಾಕಿ ಒಂದು ತಾಸು ಕುದಿಸಿ ಸೋಸಿದರೆ ಪಟಿಕದ ಉಣ್ಣೆಗೆ ಸಾಸಿವೆ ಹಳದಿ ಬರುತ್ತದೆ. ಸಿಪ್ಪೆಯಲ್ಲಿ ಒಗರು ಇರುವುದರಿಂದ ಬಣ್ಣ ಗಟ್ಟಿ ನಿಲ್ಲುತ್ತದೆ. ಅದೇ ಲಡಿಯನ್ನು ಅನ್ನಭೇದಿ ಎಂಬ ಕಬ್ಬಿಣದ ಲವಣದ ನೀರಲ್ಲಿ ಹತ್ತು ನಿಮಿಷ ಅದ್ದಿದರೆ ಕಣ್ಣೆದುರೇ ಹಳದಿ ಹೋಗಿ, ಮಳೆಗಾಲದ ಕಲ್ಲಿನ ಮೇಲಿನ ಪಾಚಿಯ ಬಣ್ಣಕ್ಕೆ ತಿರುಗುತ್ತದೆ. ಅನ್ನಭೇದಿ ಅರ್ಧ ಕಿಲೋಗೆ 10 ಗ್ರಾಂ ಮೀರಬಾರದು, ಹೆಚ್ಚಾದರೆ ಉಣ್ಣೆ ಬಿರುಸಾಗಿ ತುಂಡಾಗುತ್ತದೆ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ, ಹೊಟ್ಟೆಗೆ ಹೋದರೆ ವಿಷ. ನೈಸರ್ಗಿಕ ಬಣ್ಣ ಅಂದಮಾತ್ರಕ್ಕೆ ಎಲ್ಲವೂ ನಿರಪಾಯ ಅಂತ ಗಿರಾಕಿಗೆ ಹೇಳಬೇಡಿ.

ಆಯುಧಪೂಜೆಯ ಮರುದಿನ ಬೆಳಿಗ್ಗೆ ಚೀಲ ಹಿಡಿದು ಹೊರಡಿ. ಲಾರಿ, ಟ್ರ್ಯಾಕ್ಟರ್, ಗಿರಣಿ, ಅಂಗಡಿ ಎಲ್ಲದರ ಮೇಲಿಂದ ಚೆಂಡುಹೂವಿನ ಸರ ಇಳಿದು ಕಸಕ್ಕೆ ಹೋಗುತ್ತಿರುತ್ತದೆ. ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಒಂದೇ ದಿನದಲ್ಲಿ ವರ್ಷದ ಹಳದಿ ಸಿಗುತ್ತದೆ. ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿ. ಖಾನಾವಳಿಯವರು ಕೊಡುವ ಈರುಳ್ಳಿ ಸಿಪ್ಪೆ ಬಂಗಾರದ ಕಂದು ಕೊಡುತ್ತದೆ. ಚೆಂಡುಹೂ, ಈರುಳ್ಳಿ ಎರಡೂ ಮಂಜಿಷ್ಠದಷ್ಟು ಬಿಸಿಲು ತಡೆಯುವುದಿಲ್ಲ, ಅದನ್ನು ಚೀಟಿಯಲ್ಲಿ ಬರೆಯುತ್ತೇನೆ.

ಅರಿಶಿನ, ಮುತ್ತುಗದ ಹೂವು ಮಾರಾಟಕ್ಕೆ ಬೇಡವೇ ಬೇಡ. ಮುತ್ತುಗದ ಬಣ್ಣ ಓಕುಳಿಗೆ ಚೆಂದ, ದಾರಕ್ಕಲ್ಲ. ಮೊದಲ ವರ್ಷ ಅರಿಶಿನದ ದಾರ ಮಾರಿದೆ. ಒಬ್ಬ ಅಜ್ಜಿ ಮೊಮ್ಮಗನಿಗೆ ಕುಲಾವಿ ಹೆಣೆದಿದ್ದರು. ಸಾಬೂನು ತಾಗಿದ ಕಡೆ ಕೆಂಪಾಗಿ, ಬಿಸಿಲು ತಾಗಿದ ಕಡೆ ಬಿಳಿಚಿಕೊಂಡು, ಒಂದೇ ತಿಂಗಳಲ್ಲಿ ಅದನ್ನು ತಂದು ಗಲ್ಲೆಯ ಮೇಲಿಟ್ಟರು. "ಯವ್ವಾ, ಕೂಸಿಂದ ಐತಿ ಅಂತ ಬಾಳ ಪ್ರೀತಿಲೆ ಹೆಣದಿದ್ದೆ" ಅಂದರು, ಬೈಯಲಿಲ್ಲ. ದುಡ್ಡು ವಾಪಸ್ ಕೊಟ್ಟೆ, ಮಂಜಿಷ್ಠದ ಮೂರನೇ ನೀರಿನ ಒಂದು ಲಡಿಯನ್ನೂ ಕೊಟ್ಟೆ. ಉಳಿದ ಅರಿಶಿನದ ದಾರವನ್ನೆಲ್ಲ ಅವತ್ತೇ ಕಪಾಟಿನಿಂದ ತೆಗೆದೆ.

ನೀಲಿ ಗಿಡದ ಬಣ್ಣವನ್ನು ನಾನು ಮಾಡುವುದಿಲ್ಲ, ಮಾಡಿದವರಿಂದ ತರುತ್ತೇನೆ. ಅದು ನೀರಲ್ಲಿ ಕರಗುವ ಬಣ್ಣವಲ್ಲ. ಕಡಾಯಿಯಲ್ಲಿ ಹುದುಗಿಸಿ, ಗಾಳಿ ತಾಗದಂತೆ ಕಾಯ್ದು, ಅದ್ದಿ ತೆಗೆದ ಮೇಲೆ ಗಾಳಿಯಲ್ಲಿ ಹಸಿರಿನಿಂದ ನೀಲಿಗೆ ತಿರುಗಿಸುವ ಬೇರೆಯದೇ ವಿದ್ಯೆ. ಜೀನ್ಸ್ ಹೊಲಿಯುವ ಬಳ್ಳಾರಿಯಿಂದ ಬಂದವರು "ನಮ್ಮ ಜೀನ್ಸ್ ನೀಲಿನೂ ಇದೇನಾ?" ಅಂತ ಕೇಳುತ್ತಾರೆ. ದ್ರವ್ಯ ಅದೇ, ಹುಟ್ಟು ಬೇರೆ. 1856ರಲ್ಲಿ ಪರ್ಕಿನ್ ಎಂಬ ಇಂಗ್ಲಿಷ್ ಹುಡುಗ ಪ್ರಯೋಗಶಾಲೆಯಲ್ಲಿ ಮೊದಲ ಕೃತಕ ನೇರಳೆ ಮಾಡಿದ. ಹದಿಮೂರು ವರ್ಷದಲ್ಲಿ ಯುರೋಪಿನ ಮಂಜಿಷ್ಠದ ಕೆಂಪಿಗೆ ಮೂಲವಾದ ಅಲಿಜರಿನ್ ಕಾರ್ಖಾನೆಯ ಸರಕಾಯಿತು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು, ನಮ್ಮ ದೇಶದ ನೀಲಿ ಬೆಳೆ ಬಿದ್ದುಹೋಯಿತು. ಅಗ್ಗದ ಬಣ್ಣ ಎಲ್ಲರ ಮೈಮೇಲೆ ಬಂತು, ಅದು ಕೆಟ್ಟದ್ದಲ್ಲ. ಆದರೆ ಮಂಜಿಷ್ಠದ ಕೆಂಪನ್ನು ಕಣ್ಣಿಂದ ಗುರುತಿಸುವುದೇ ನಮಗೆ ಮರೆತುಹೋಯಿತಲ್ಲ, ಅದು ನನಗೆ ನೋವು.

ಲಾಟ್ ಪುಸ್ತಕ

ಎರಡು ಗೆರೆಯ ಇನ್ನೂರು ಪುಟದ ನೋಟ್‌ಬುಕ್. ಅಂಗಡಿಗೆ ಬೆಂಕಿ ಬಿದ್ದರೆ ನಾನು ಮೊದಲು ಎತ್ತಿಕೊಳ್ಳುವುದು ಅದನ್ನೇ. ಒಂದು ಪಾತ್ರೆಯಲ್ಲಿ ಒಟ್ಟಿಗೆ ಬಣ್ಣ ಹಾಕಿದ ದಾರವೇ ಒಂದು ಲಾಟ್. ಪ್ರತಿ ಸಲ ಪಾತ್ರೆ ಇಟ್ಟಾಗಲೂ ಒಂದು ನಂಬರ್, ತಾರೀಖು, ದಾರ ಯಾವುದು, ಎಷ್ಟು ತೂಕ, ಪಟಿಕ ಎಷ್ಟು, ಬೇರು ಎಷ್ಟು, ಯಾರ ಅಂಗಡಿಯದ್ದು, ನೀರು ಬೋರಿನದೋ ಮಳೆಯದೋ, ಎಷ್ಟು ಡಿಗ್ರಿ, ಎಷ್ಟು ಹೊತ್ತು. ಪುಟದ ಅಂಚಿನಲ್ಲಿ ತೂತು ಮಾಡಿ ಆ ಲಾಟಿನ ಬೆರಳುದ್ದ ದಾರ ಕಟ್ಟಿಬಿಡಿ. ಇದು ಬೇಡ ಅನ್ನಿಸುವ ದಿನ ಬರುತ್ತದೆ, ಅವತ್ತೂ ಬರೆಯಿರಿ.

ಯಾಕೆ ಅಂದರೆ ಒಂದು ಲಾಟಿನ ಬಣ್ಣ ಇನ್ನೊಂದರಲ್ಲಿ ಬರುವುದಿಲ್ಲ. ಬೇರು ಬೇರೆ, ನೀರು ಬೇರೆ. ಒಬ್ಬ ಶಾಲೆ ಮೇಡಂ ಬಾಣಂತಿ ಮಗಳಿಗಾಗಿ ಸ್ವೆಟರ್ ಹೆಣೆಯಲು ನಾಲ್ಕು ಲಡಿ ಒಯ್ದರು. ಸಾಲದಾಯಿತು. ತಿಂಗಳ ನಂತರ ಮತ್ತೆರಡು ಒಯ್ದರು. ಅದು ಬೇರೆ ಪಾತ್ರೆಯದು, ನಾನು ಗಮನಿಸಲಿಲ್ಲ. ಮೈ ಒಂದು ಕೆಂಪು, ತೋಳು ಇನ್ನೊಂದು ಕೆಂಪು. ಅಂದಿನಿಂದ ದಾರ ಕೊಡುವ ಮೊದಲೇ "ಏನ್ ಹೆಣೀತೀರಿ, ಯಾರಿಗೆ?" ಅಂತ ಕೇಳುತ್ತೇನೆ. ದೊಡ್ಡವರ ಸ್ವೆಟರಿಗೆ 500ರಿಂದ 600 ಗ್ರಾಂ ಬೇಕು, ಕುಲಾವಿಗೆ 50 ಗ್ರಾಂ ಸಾಕು. ಒಂದು ಲಡಿ ಹೆಚ್ಚಿಗೆ ಒಯ್ಯಲು ಹೇಳಿ, ಬಿಚ್ಚದೆ ಉಳಿದರೆ ವಾಪಸ್ ತಗೊಳ್ಳುತ್ತೇನೆ ಅನ್ನಿ. ಅನಿವಾರ್ಯವಾಗಿ ಎರಡು ಲಾಟ್ ಸೇರಿಸಬೇಕಾದರೆ ಎರಡು ಸಾಲು ಇದರಲ್ಲಿ, ಎರಡು ಸಾಲು ಅದರಲ್ಲಿ ಹೆಣೆಯುವುದನ್ನು ಅಲ್ಲೇ ಕೂರಿಸಿ ತೋರಿಸಿ. ಕಣ್ಣಿಗೆ ಗೆರೆ ಬೀಳುವುದಿಲ್ಲ.

ಒಬ್ಬ ಹೊರಗಿನ ವ್ಯಾಪಾರಿ ಒಮ್ಮೆ ಎಂಟು ಬಣ್ಣದ ದಾರ ತಂದು ಎಲ್ಲ ಬೇರು ಹೂವಿನದು ಅಂತ ಮಾರಿದ. ಲಡಿಯಿಂದ ಲಡಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಷ್ಟು ಒಂದೇ ಥರ ಇರುವುದನ್ನು ನೋಡಿಯೇ ನಾನು ಸಂಶಯಪಡಬೇಕಿತ್ತು. ತೊಳೆದರೆ ನೀರೆಲ್ಲ ಗುಲಾಬಿ. ಮನೆಯಲ್ಲಿ ಕೂತು ಖಚಿತವಾಗಿ ಪತ್ತೆ ಮಾಡುವ ಉಪಾಯವಿಲ್ಲ. ನಾನೀಗ ಪಾತ್ರೆಯನ್ನು ಕಣ್ಣಾರೆ ನೋಡದೆ ಯಾರ ಬಣ್ಣದ ದಾರವನ್ನೂ ನೈಸರ್ಗಿಕ ಅಂತ ಬರೆದು ಮಾರುವುದಿಲ್ಲ.

ದರ, ಉದ್ದ, ಹುಳ

ನನ್ನ ಒಂದು ಮಂಜಿಷ್ಠದ ಲಡಿಯ ಲೆಕ್ಕ ಹೀಗಿದೆ. ದಾರಕ್ಕೆ 190 ರೂಪಾಯಿ, ಬೇರಿಗೆ 35, ಪಟಿಕ ಮತ್ತು ಗ್ಯಾಸಿಗೆ 20, ಕೆಲಸಕ್ಕೆ 60, ಕೆಟ್ಟುಹೋಗುವ ಪಾಲಿಗೆ 30. ಅಲ್ಲಿಗೆ 335. ಮಾರುವುದು 430ಕ್ಕೆ. ಕೆಲಸದ 60 ರೂಪಾಯಿಯನ್ನು ಎಷ್ಟೋ ಹೆಣ್ಣುಮಕ್ಕಳು ಬರೆಯುವುದೇ ಇಲ್ಲ, ಮನೆಯಲ್ಲೇ ಮಾಡಿದ್ದಲ್ಲ ಅನ್ನುತ್ತಾರೆ. ಬರೆಯಿರಿ. ಅಕ್ರಿಲಿಕ್ ಉಂಡೆಯ ಪಕ್ಕದಲ್ಲಿಟ್ಟು ಚೌಕಾಸಿ ಮಾಡುವವರಿಗೆ ಪಾತ್ರೆ ತೋರಿಸಿ, ನೋಟ್‌ಬುಕ್ ತೋರಿಸಿ, ದರ ಇಳಿಸಬೇಡಿ. ಪೂರ್ತಿ ಲಡಿ ಕೊಳ್ಳಲಾಗದವರಿಗೆ 25 ಗ್ರಾಂನ ಸಣ್ಣ ಲಡಿ ಮಾಡಿಡಿ.

ಮಾರುವುದು ತೂಕದ ಮೇಲಲ್ಲ, ಉದ್ದದ ಮೇಲೆ. ಉಣ್ಣೆ ತನ್ನ ತೂಕದ ನೂರಕ್ಕೆ ಸುಮಾರು ಮೂವತ್ತರಷ್ಟು ನೀರಿನಾವಿ ಹೀರಿದರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಲ್ಲಿ ತೂಗಿದ 100 ಗ್ರಾಂ, ಶ್ರಾವಣದ ಮಳೆಯಲ್ಲಿ 100 ಗ್ರಾಂ ಆಗಿ ಉಳಿಯುವುದಿಲ್ಲ. ಕಿನ್ನಾಳದ ಬಡಿಗೇರ ಕಾಕಾ ಒಂದು ಸುತ್ತಿಗೆ ಒಂದೂವರೆ ಮೀಟರ್ ಬರುವ ಮರದ ಚಕ್ರ ಮಾಡಿಕೊಟ್ಟಿದ್ದಾರೆ. 134 ಸುತ್ತು ಹಾಕಿದರೆ 200 ಮೀಟರ್ ದಾಟುತ್ತದೆ. ಒಂದು ಸುತ್ತು ಹೆಚ್ಚು ಹೋದರೆ ಹೋಗಲಿ, ಕಡಿಮೆ ಆಗಬಾರದು.

ಉಣ್ಣೆಗೆ ಹುಳ ಬೀಳುತ್ತದೆ. ಬೇವಿನ ಎಲೆ ಇಟ್ಟು ಸುಮ್ಮನಾಗಬೇಡಿ, ಅದನ್ನೊಂದೇ ನಂಬಿ ನಾನು ಒಂದು ಕಪಾಟು ಕಳೆದುಕೊಂಡಿದ್ದೇನೆ. ಮುಚ್ಚಳ ಬಿಗಿಯಾದ ಡಬ್ಬಿ, ತಿಂಗಳಿಗೊಮ್ಮೆ ಎಲ್ಲ ತೆಗೆದು ಕೊಡವುವುದು, ಕಪಾಟಿನ ಮೂಲೆ ಗುಡಿಸುವುದು, ಇವೇ ಕಾಪಾಡುತ್ತವೆ. ಬಣ್ಣ ಹಾಕದ ದಾರವನ್ನು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿ. ಬಣ್ಣದ್ದನ್ನು ಹಾಕಬೇಡಿ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ನಾಲ್ಕೈದು ದಿನ ಫ್ರೀಜರಿನಲ್ಲಿಡಿ.

ಪ್ರತಿ ಲಡಿಯ ಜೊತೆ ಒಂದು ಚೀಟಿ. ನನ್ನದರಲ್ಲಿ ಹೀಗಿರುತ್ತದೆ: "ಮೆರಿನೊ, 200 ಮೀಟರ್, ಮಂಜಿಷ್ಠ ಮೊದಲ ನೀರು, ಪಟಿಕ, ಲಾಟ್ 14. ತಣ್ಣೀರಲ್ಲಿ ಅಂಟವಾಳದಿಂದ ಕೈಯಲ್ಲೇ ಒಗೆಯಿರಿ. ನಿಂಬೆಹಣ್ಣು, ಸೋಡಾ ಬೇಡ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ತೂಗು ಹಾಕದೆ ನೆರಳಲ್ಲಿ ಹಾಸಿ ಒಣಗಿಸಿ." ಓದು ಬಾರದವರಿಗೆ ಬಾಯಲ್ಲಿ ಹೇಳಿ, ಮತ್ತೊಮ್ಮೆ ಅವರ ಬಾಯಿಂದ ಹೇಳಿಸಿ.

ಕೊನೆಯದಾಗಿ ಬಿಸಿಲಿನ ಪಟ್ಟಿ. ಹೊಸ ಲಾಟ್ ಕಪಾಟಿಗೆ ಹೋಗುವ ಮೊದಲು ಅದರ ಒಂದು ತುಂಡನ್ನು ರಟ್ಟಿಗೆ ಸುತ್ತಿ, ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ಮಾಳಿಗೆಯ ಮೇಲೆ ಹದಿನೈದು ದಿನ ಇಡಿ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಇನ್ನೊಂದು ತುಂಡನ್ನು ಇಪ್ಪತ್ತು ಸಲ ತಿಕ್ಕಿ ನೋಡಿ. ಕಾಗದ ಬಿಚ್ಚಿದಾಗ ಎರಡು ಭಾಗದ ನಡುವೆ ಗೆರೆ ಎದ್ದು ಕಂಡರೆ ಆ ಲಾಟನ್ನು ಉಡುಪಿಗೆ ಮಾರಬೇಡಿ, ಗೊಂಡೆಗೋ ತೋರಣಕ್ಕೋ ಕಡಿಮೆ ದರಕ್ಕೆ ಕೊಡಿ, ಯಾಕೆ ಕಡಿಮೆ ಅಂತಲೂ ಹೇಳಿ. ಲಾಟ್ 14ರ ಪಟ್ಟಿ ನಿನ್ನೆ ಬಿಚ್ಚಿದೆ. ಮುಚ್ಚಿದ್ದು ಯಾವುದು, ಬಿಸಿಲಿಗಿದ್ದದ್ದು ಯಾವುದು ಅಂತ ಗೊತ್ತುಮಾಡಲು ಕನ್ನಡಕ ಹಾಕಿಕೊಳ್ಳಬೇಕಾಯಿತು. ಇವತ್ತು ಬೆಳಿಗ್ಗೆ ಐದು ಲಡಿಯನ್ನೂ ಬಾಗಿಲ ಹತ್ತಿರದ ಕಪಾಟಿಗೆ ಇಟ್ಟಿದ್ದೇನೆ.